ಕೊನೆಯ ಮನೆಯಿಂದ ಬ್ಯಾಂಕಾಕ್‌ವರೆಗೆ

ಬೆಳಗೊಳ: ಹೊರಡುವ ಮೊದಲು

ಆಗೋದಿಲ್ಲ ಅಂದವರು ನಮ್ಮ ಸೋದರಮಾವ ಪುಟ್ಟಸ್ವಾಮಿ. ಬೇರೆಯವರೂ ಅಂದಿರಬಹುದು, ಆದರೆ ಅವರೆಲ್ಲ ಬೆನ್ನ ಹಿಂದೆ ಅಂದರು. ಮಾವ ಎದುರಿಗೇ ಅಂದರು, ನಮ್ಮ ಜಗಲಿ ಮೇಲೆ ಕೂತು, ಅವ್ವ ಕೊಟ್ಟ ಕಾಫಿ ಕುಡಿಯುತ್ತಾ.

"ಏನಮ್ಮಿ, ನೀರುಗಂಟಿ ಮಗಳು ಇಮಾನ ಅತ್ತೀಯಾ?"

"ಹತ್ತುತೀನಿ ಮಾವ. ಥಾಯ್ಲೆಂಡ್‌ಗೆ. ಅಲ್ಲಿ ಬಡವರು ಸಾವ್ಕಾರ್ರು ಅನ್ನದೆ ಎಲ್ರಿಗೂ ಆಸ್ಪತ್ರೆ ಅಂತ ಕಾನೂನೇ ಮಾಡವ್ರೆ. ಅದು ಹೆಂಗೆ ನಡೀತದೆ ಅಂತ ಒಂದು ವಾರ ಕಲಿಸ್ತಾರೆ."

"ಎಲ್ರಿಗೂ ಆಸ್ಪತ್ರೆ ಅನ್ನದು ಆಗದ್ ಮಾತು ಕಣಮ್ಮಿ. ನೀನು ಅಲ್ಲಿಗೋಗಿ ಅದ್ನ ಕಲ್ತು ಸಲ್ಟಿಫಿಕೇಟ್ ತರದು ಅದ್ಕಿಂತ ಆಗದ್ ಮಾತು. 'ಈಯಮ್ಮ ಬಂದಿದ್ಲು' ಅಂತ ಒಂದು ಚೀಟಿ ಕೊಟ್ಟು ಕಳುಸ್ತಾರೆ, ತಕಬಾ."

ಮಾವ ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು. ಆ ತರಬೇತಿಯಲ್ಲಿ ಕೊನೆಗೆ ಎರಡು ಥರದ ಕಾಗದ ಕೊಡುತ್ತಿದ್ದರು. ನಾವು ನಮ್ಮ ನಮ್ಮ ಊರಲ್ಲಿ ಮಾಡಿದ ಸಮೀಕ್ಷೆಯನ್ನು ಅಲ್ಲಿ ಮಂಡಿಸಬೇಕು. ಒಪ್ಪಿಗೆಯಾದರೆ ಪ್ರಮಾಣಪತ್ರ. ಆಗದಿದ್ದರೆ ಹಾಜರಾತಿ ಪತ್ರ, ಅಂದರೆ ಮಾವ ಹೇಳಿದ ಚೀಟಿ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಕೆ.ಆರ್.ಎಸ್. ಕಡೆಯಿಂದ ಬರುವ ಬಸ್ಸಿನಲ್ಲಿ ಕಂಬ ಹಿಡಿದುಕೊಂಡು ನಿಂತು ಮೈಸೂರಿಗೆ ಹೋಗಿ ಬಿ.ಎ. ಓದಿದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಎರಡು ಸಲವೂ ಮಾವ ಬಂದು "ನಾನ್ ಏಳ್ನಿಲ್ವಾ" ಅಂದು ಹೋದರು. ಮೂರನೆಯ ಸಲ ಪಾಸಾದೆ. ಆವತ್ತು ಮಾವ ಬರಲಿಲ್ಲ.

ಈಗ ಒಂದು ಸಂಸ್ಥೆಯಲ್ಲಿ ಕೆಲಸ, ತರಬೇತಿಗೆ ಕಳಿಸುತ್ತಿದ್ದುದೂ ಅದೇ. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಳ್ಳುವುದು. ಈ ಸಲದ ಪ್ರಶ್ನೆ ದೊಡ್ಡದು: ಈಗಿರುವ ಆರೋಗ್ಯ ಕಾರ್ಡು, ವಿಮೆ ಇವು ಸಾಕೆ? ಎಲ್ಲರಿಗೂ ಒಂದೇ ಆರೋಗ್ಯ ರಕ್ಷಣೆ ಬಂದರೆ ನಿಮ್ಮ ಅಭಿಪ್ರಾಯವೇನು? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳನ್ನು ನಾನೊಬ್ಬಳೇ ಸುತ್ತಿದೆ. ಮಾವನ ಊರು ಸಿಂಧಘಟ್ಟಕ್ಕೂ ಹೋಗಿದ್ದೆ. ಊರಿನ ಮೊದಲನೆಯ, ಅನುಕೂಲಸ್ಥರ ಮನೆ ಮಾವನದು, ಅಲ್ಲೇ ಊಟ ಮಾಡಿದ್ದೆ.

"ಊರೋರ್ನೆಲ್ಲಾ ಕೇಳ್ದೆ. ನನ್ ಮನೇಲಿ ಉಂಡೆ. ನನ್ನ ಮಾತ್ರ ಒಂದ್ ಪ್ರಶ್ನೆ ಕೇಳ್ನಿಲ್ಲ" ಅಂತ ಮಾವ ಕಾಫಿ ಲೋಟ ಕೆಳಗಿಡುತ್ತಾ ಅಂದರು. ಅದೂ ಒಂದು ಕೊಂಕು ಅಂದುಕೊಂಡು ನಾನು ಬಟ್ಟೆ ಮಡಿಚಲು ಒಳಗೆ ಹೋದೆ.

ಬ್ಯಾಂಕಾಕ್ ವಿಮಾನ ನಿಲ್ದಾಣ: ಹುರಿಹಿಟ್ಟು

ಅವ್ವ ಚೀಲದ ತುಂಬ ರಾಗಿ ಹುರಿಹಿಟ್ಟು ಕಟ್ಟಿದ್ದಳು. "ಅಲ್ಲಿ ಹಾವು ಚೇಳು ತಿಂತಾರಂತೆ. ಇದ್ನ ಬೆಲ್ಲ ಕಲೆಸ್ಕಂಡು ತಿನ್ನು" ಅಂದಿದ್ದಳು. ಅವಳು ಕಟ್ಟುವ ರೀತಿ ಹೇಗೆಂದರೆ, ಒಂದು ಪ್ಲಾಸ್ಟಿಕ್ ಕವರು, ಅದರ ಮೇಲೆ ಬಟ್ಟೆ, ಅದರ ಮೇಲೆ ಇನ್ನೊಂದು ಕವರು, ಎಲ್ಲದಕ್ಕೂ ಬಿಗಿಯಾಗಿ ದಾರ. ಯಂತ್ರದ ಕಣ್ಣಿಗೆ ಅದು ಏನಾಗಿ ಕಂಡಿತೋ, ನನ್ನನ್ನು ಪಕ್ಕಕ್ಕೆ ಕರೆದರು.

ಸಮವಸ್ತ್ರದ ಅಧಿಕಾರಿಯೊಬ್ಬರು ದಾರ ಬಿಚ್ಚಿ ಬಿಚ್ಚಿ ಸುಸ್ತಾಗಿ, ಕೊನೆಗೆ ಸಿಕ್ಕ ಕಂದು ಪುಡಿಯನ್ನು ನೋಡಿದರು. ನನ್ನ ಮುಖ ನೋಡಿದರು. "ಫುಡ್" ಅಂದೆ. ಅವರು ನಂಬಲಿಲ್ಲ. ತಿಂದು ತೋರಿಸೋಣ ಅಂತ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಅವರು ಏನೋ ಕೇಳಿದರು, ನಾನು ಉತ್ತರ ಕೊಡಲು ಬಾಯಿ ತೆರೆದೆ. ಬಾಯಲ್ಲಿ ಒಣ ಹುರಿಹಿಟ್ಟು ಇಟ್ಟುಕೊಂಡು ಮಾತಾಡಬಾರದು ಎಂದು ನಮ್ಮೂರಿನ ಮೂರು ವರ್ಷದ ಮಗುವಿಗೂ ಗೊತ್ತು. ಬಿ.ಎ. ಮಾಡಿದ ನಾನು ಮರೆತೆ. ಅಧಿಕಾರಿಯ ಎದೆಯ ಮೇಲಿನ ಪದಕಗಳೆಲ್ಲ ರಾಗಿ ಬಣ್ಣವಾದವು.

ನನ್ನ ಪ್ರವಾಸ ಇಲ್ಲಿಗೇ ಮುಗಿಯಿತು ಅಂದುಕೊಂಡೆ. ಆದರೆ ಅವರು ಅಂಗಿ ಒದರಿಕೊಂಡು, ಬೆರಳಿಗೆ ಅಂಟಿದ್ದನ್ನು ನೆಕ್ಕಿ, ತಲೆ ಆಡಿಸಿ, ಅವ್ವ ಕಟ್ಟಿದ್ದ ಹಾಗೆಯೇ ದಾರ ಸುತ್ತಿ ಗಂಟು ಹಾಕಿ ಕೊಟ್ಟರು. ನಮ್ಮ ಕಡೆ ಯಾವ ಅಧಿಕಾರಿಯೂ ಬಿಚ್ಚಿದ್ದನ್ನು ಮತ್ತೆ ಕಟ್ಟಿಕೊಟ್ಟಿದ್ದನ್ನು ನಾನು ಕಂಡಿಲ್ಲ.

ಬ್ಯಾಂಕಾಕ್, ಎರಡನೆಯ ದಿನ: ಕೆಂಪು ಶಾಯಿ

ತರಬೇತಿಯಲ್ಲಿ ಹಲವು ದೇಶದವರಿದ್ದರು. ನಮಗೆ ಪಾಠ ಹೇಳುತ್ತಿದ್ದವರು ಮಾಲೀ ಎಂಬ ಹಿರಿಯ ಹೆಂಗಸು. ಅಲ್ಲಿ ಮೇಷ್ಟ್ರನ್ನು "ಆಚಾನ್" ಎಂದು ಕರೆಯುತ್ತಾರೆ, ನಮ್ಮ ಆಚಾರ್ಯರ ನೆಂಟಸ್ತಿಕೆಯ ಪದವಂತೆ. ಆಚಾನ್ ಮಾಲೀ ಸಣ್ಣ ದನಿಯವರು. ಒಂದೊಂದು ವಾಕ್ಯದ ಕೊನೆಗೂ "ಖಾ" ಅನ್ನುತ್ತಾರೆ. ಅಲ್ಲಿನ ಹೆಂಗಸರೆಲ್ಲ ಹಾಗೆಯೇ, ನಮ್ಮ ಮಾತಿನ ಬಾಲಕ್ಕೆ "ಕಣವ್ವ" ಅಂಟಿಕೊಂಡಿರುವ ಹಾಗೆ. ಬಯ್ಯುವಾಗಲೂ "ಖಾ" ಇರುವುದರಿಂದ ಬೈಸಿಕೊಂಡದ್ದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕು.

ನಾನು ನನ್ನ ವರದಿಯ ಜೊತೆ ಪ್ರತಿ ಹಳ್ಳಿಯ ನಕ್ಷೆಯನ್ನೂ ಕೈಯಲ್ಲೇ ಬರೆದು ಇಟ್ಟಿದ್ದೆ. ಕೇಳಿದ ಮನೆಗೆಲ್ಲ ಒಂದೊಂದು ಚುಕ್ಕಿ. ಅದು ನನ್ನ ಹೆಮ್ಮೆಯ ಕೆಲಸ. ಆಚಾನ್ ಅದನ್ನೇ ಬಹಳ ಹೊತ್ತು ನೋಡಿ, ಕೆಂಪು ಪೆನ್ನು ತೆಗೆದು, ಒಂದೊಂದು ನಕ್ಷೆಯ ಮೇಲೂ ಸುತ್ತು ಹಾಕಿದರು.

"ನಿನ್ನ ಚುಕ್ಕಿಗಳೆಲ್ಲ ಊರಿನ ಅಂಚಿನಲ್ಲೇ ಇವೆ. ಊರ ನಡುವಿನಿಂದ ಶುರು ಮಾಡಿ ಐದು ಮನೆಗೆ ಒಂದು ಮನೆ ಅಂತ ಅಲ್ಲವೆ ಸೂಚನೆ ಇದ್ದದ್ದು?"

ಇತ್ತು. ಓದಿದ್ದೆ. ಆದರೆ ಶುರು ಎಲ್ಲಿಂದಾದರೇನು ಅಂದುಕೊಂಡಿದ್ದೆ.

ಇದಕ್ಕೆ ಕಾರಣ ನಮ್ಮಪ್ಪ. ಅಪ್ಪ ನೀರುಗಂಟಿ. ನಾಲೆಯಲ್ಲಿ ನೀರು ಬಿಟ್ಟಾಗ ತೂಬು ಎತ್ತಿ ಇಳಿಸಿ ಪ್ರತಿ ಗದ್ದೆಗೂ ಪಾಲು ಹಂಚುವ ಕೆಲಸ. ಬೇರೆ ನೀರುಗಂಟಿಗಳು ನಾಲೆಯ ತಲೆಯಿಂದ ಕೆಳಕ್ಕೆ ನಡೆಯುತ್ತಾರೆ. ಅಪ್ಪ ಸೈಕಲ್ಲು ತುಳಿದುಕೊಂಡು ಮೊದಲು ಕೊನೆಯ ಗದ್ದೆಗೆ ಹೋಗಿ, ಅಲ್ಲಿಂದ ಮೇಲಕ್ಕೆ ನಡೆದು ಬರುತ್ತಾರೆ. ಚಿಕ್ಕವಳಿದ್ದಾಗ ಯಾಕೆಂದು ಕೇಳಿದ್ದೆ. "ಮೇಲಿಂದ ನೋಡ್ಕಂಡ್ ಬಂದ್ರೆ ಎಲ್ಲಾ ಗದ್ದೇಲೂ ನೀರು ತುಂಬ್ಕಂಡಂಗೆ ಕಾಣ್ತದೆ ಕಣಮ್ಮಿ. ಕೆಳಗಿಂದ ನೋಡ್ಕಂಡ್ ಬಂದ್ರೆ ಗೊತ್ತಾಯ್ತದೆ" ಅಂದಿದ್ದರು.

ಹೀಗೆ ಬೆಳೆದವಳು ನಾನು. ಯಾವ ಹಳ್ಳಿಗೆ ಇಳಿದರೂ ಕಾಲು ತಾನಾಗಿ ಕೊನೆಯ ಮನೆಗೆ ಹೋಗುತ್ತಿತ್ತು. ನಾಲೆಯೇ ಇಲ್ಲದ ನಾಗಮಂಗಲದ ಕಡೆಯ ಹಳ್ಳಿಗಳಲ್ಲೂ ಹಾಗೇ ಮಾಡಿದೆ. ಅಲ್ಲಿಂದ ಶುರು ಮಾಡಿ, ಒಂದು ಮನೆಯನ್ನೂ ಬಿಡದೆ ಕೇಳಿಕೊಂಡು, ಊರ ನಡುವೆ ಬರುವ ಮೊದಲೇ ಪ್ರಶ್ನೆ ಕಾಗದ ಮುಗಿದುಹೋಗುತ್ತಿತ್ತು.

ಇದನ್ನೆಲ್ಲ ನನ್ನ ಇಂಗ್ಲಿಷ್‌ನಲ್ಲಿ ಹೇಳಲು ಹೋದೆ. "ಫಾದರ್, ವಾಟರ್, ಲಾಸ್ಟ್" ಎನ್ನುವಷ್ಟರಲ್ಲಿ ಗೊತ್ತಿದ್ದ ಇಂಗ್ಲಿಷ್ ಮುಗಿದುಹೋಯಿತು. ಅಪ್ಪ ಎಲ್ಲೋ ನೀರಲ್ಲಿ ಕೊಚ್ಚಿಹೋದರು ಅಂತ ತಿಳಿದುಕೊಂಡ ಪಕ್ಕದ ನೇಪಾಳದ ಹೆಂಗಸು ನನ್ನ ಕೈ ಹಿಡಿದು ಕಣ್ಣೀರು ಹಾಕಿದಳು.

ಆಚಾನ್ ಗದರಲಿಲ್ಲ. "ನೀನು ಸುಳ್ಳು ಬರೆದಿಲ್ಲ. ಆದರೆ ಇದಕ್ಕೆ 'ನಾಲ್ಕು ತಾಲ್ಲೂಕುಗಳ ಜನಾಭಿಪ್ರಾಯ' ಅಂತ ಹೆಸರಿಟ್ಟರೆ ಅದು ಸುಳ್ಳಾಗುತ್ತದೆ. ಆರನೆಯ ದಿನ ಮಂಡನೆ. ಅಷ್ಟರೊಳಗೆ ಸರಿಮಾಡು. ಆಗದಿದ್ದರೆ ಹಾಜರಾತಿ ಪತ್ರ ಮಾತ್ರ ಕೊಡಬಲ್ಲೆ, ಖಾ."

ಸರಿಮಾಡುವುದು ಹೇಗೆ? ನಾಲ್ಕು ತಾಲ್ಲೂಕುಗಳು ಸಮುದ್ರದ ಆಚೆ ಇವೆ. ಕೋಣೆಗೆ ಬಂದು ಹುರಿಹಿಟ್ಟಿಗೆ ಬೆಲ್ಲ ಕಲೆಸಿದೆ. ತಿನ್ನಲಾಗಲಿಲ್ಲ. ಸಿಂಧಘಟ್ಟದ ಜಗಲಿಯಲ್ಲಿ ಮಾವ ಚೀಟಿ ಹಿಡಿದುಕೊಂಡು ಊರಿಗೆಲ್ಲ ಓದಿ ಹೇಳುವುದು ಕಣ್ಣ ಮುಂದೆ ಬಂತು.

ಈಶಾನ್ಯದ ಹಳ್ಳಿ, ನಾಲ್ಕನೆಯ ದಿನ: ನೊಯ್ ಅಕ್ಕ ಕೇಳಿದ್ದು

ನಮ್ಮನ್ನೆಲ್ಲ ದೇಶದ ಈಶಾನ್ಯ ಮೂಲೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ವ್ಯಾನಿನಿಂದ ಇಳಿದವಳೇ ಬೆಚ್ಚಿದೆ. ಗದ್ದೆ, ಬದು, ಕಾಲುವೆ, ಕೊಕ್ಕರೆ. ಪಾಂಡವಪುರದ ಬಸ್ಸಿನಲ್ಲಿ ನಿದ್ದೆ ಹೋಗಿ ಮುಂದಿನ ಸ್ಟಾಪಿನಲ್ಲಿ ಇಳಿದ ಹಾಗಿತ್ತು.

ಆ ಊರಿನ ಆರೋಗ್ಯ ಸ್ವಯಂಸೇವಕಿಯ ಹೆಸರು ನೊಯ್. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಮನೆಮನೆ ನೋಡಿಕೊಳ್ಳುವ ಕೆಲಸ. ಕೈಮುಗಿದ ಮರುಕ್ಷಣವೇ ನನ್ನ ವಯಸ್ಸು ಕೇಳಿದಳು. ಅಲ್ಲಿ ಅದು ಮೊದಲ ಪ್ರಶ್ನೆ. ಅಕ್ಕ ಅನ್ನಬೇಕೋ ತಂಗಿ ಅನ್ನಬೇಕೋ ತಿಳಿಯದೆ ಅವರು ಮಾತು ಮುಂದುವರಿಸುವುದಿಲ್ಲ. ನಮ್ಮಲ್ಲಿ ಯಾವೂರು, ಯಾರ ಮಗಳು ಅಂತ ತಿಳಿಯದೆ ನೀರೂ ಕೊಡುವುದಿಲ್ಲವಲ್ಲ, ಹಾಗೆ. ಅವಳು ಅಕ್ಕ, ನಾನು ತಂಗಿ ಅಂತ ತೀರ್ಮಾನವಾಯಿತು.

ಆರೋಗ್ಯ ಕೇಂದ್ರದ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ದೇವಸ್ಥಾನದ ಮುಂದಿನ ಹಾಗೆ ಚಪ್ಪಲಿ ರಾಶಿ. ಒಳಗೆ ಉದ್ದನೆ ಬೆಂಚು. ಕೈಯಲ್ಲಿ ಕೆಸರು ಮೆತ್ತಿದ್ದ ಒಬ್ಬ ಕೂಲಿಯಾಳು, ಅವನ ಪಕ್ಕ ಇಸ್ತ್ರಿ ಅಂಗಿಯ ಒಬ್ಬ ಯಜಮಾನ. ಆತ ಆ ಊರಿನ ಅಕ್ಕಿ ಗಿರಣಿಯ ಮಾಲೀಕನಂತೆ. ಅವನ ಕೈಯಲ್ಲೂ ಒಂದು ನಂಬರಿನ ಚೀಟಿ.

ಅವರನ್ನು ನೋಡಿದ ತಕ್ಷಣ ನಾಗಮಂಗಲದ ಹಳ್ಳಿಯೊಂದರ ನಿಂಗಮ್ಮಜ್ಜಿ ನೆನಪಾದಳು. ಊರಿನ ಕಟ್ಟಕಡೆಯ ಮನೆ ಅವಳದು. ಎಲ್ಲರಿಗೂ ಅಂದರೆ ಶ್ರೀಮಂತರಿಗೂ ಕೊಡಬೇಕೇ ಅಂತ ಕೇಳಿದ್ದೆ. ಕೊಡಬಾರದು ಅನ್ನುತ್ತಾಳೆ ಅಂದುಕೊಂಡಿದ್ದೆ. ಅಜ್ಜಿ ಎಲೆಅಡಿಕೆ ಉಗಿದು, "ಕೊಡ್ಲೇಬೇಕು ಕಣವ್ವ. ಗೌಡ್ರೂ ನಮ್ ಸಾಲ್ನಲ್ಲೇ ನಿಂತ್ರೆ ತಾನೆ ಸಾಲು ಬಿರ್ರನೆ ಮುಂದಕ್ಕೋಗದು? ಅವ್ರು ಬ್ಯಾರೆ ಆಸ್ಪತ್ರೆಗೆ ಒಂಟೋದ್ರೆ ನಮ್ ಸಾಲ್ನ ಯಾರ್ ಕೇಳಾರು?" ಅಂದಿದ್ದಳು. ಅವಳು ಹೇಳಿದ ಸಾಲು ಇಲ್ಲಿ ಬೆಂಚಿನ ಮೇಲೆ ಕೂತಿತ್ತು.

ಅಲ್ಲಿ ಎಲ್ಲ ಸೊಗಸಾಗಿದೆ ಅಂತ ನಾನು ಹೇಳುವುದಿಲ್ಲ. ಕಾಯುವುದು ಜಾಸ್ತಿ, ಡಾಕ್ಟರು ದಿನಾ ಬರುವುದಿಲ್ಲ ಅಂತ ಗಿರಣಿಯವನು ಗೊಣಗುತ್ತಲೇ ಇದ್ದ. ಹಾಗಾದರೆ ಈ ಯೋಜನೆ ಬೇಡವೇ ಅಂತ ದುಭಾಷಿಯ ಮೂಲಕ ಕೇಳಿದೆ. ಅವನು ನನ್ನನ್ನು ಹುಚ್ಚಿ ಅನ್ನುವ ಹಾಗೆ ನೋಡಿದ. "ನಮ್ಮದು ಅಂತ ತಾನೆ ಬಯ್ಯೋದು?" ಅಂದನಂತೆ.

ಮಧ್ಯಾಹ್ನ ಕಾಲುವೆ ಏರಿಯ ಮೇಲೆ ನೊಯ್ ಅಕ್ಕನ ಜೊತೆ ಕೂತೆ. ಹಸಿ ಪರಂಗಿಕಾಯಿ ಕುಟ್ಟಿ ಮಾಡಿದ ಕೋಸಂಬರಿ ಕೊಟ್ಟಳು. ಮಂಡ್ಯದವಳು ಖಾರಕ್ಕೆ ಹೆದರುತ್ತೀನಾ ಅಂತ ಬಾಯಿಗೆ ತುಂಬಿಕೊಂಡೆ, ಕಿವಿಯಲ್ಲಿ ಹೊಗೆ ಬಂತು. ಅವಳು ನಕ್ಕೂ ನಕ್ಕೂ ನೀರು ಕೊಟ್ಟಳು. ಆಮೇಲೆ ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ನಾಲೆ ಬರೆದೆ, ತೂಬು ಬರೆದೆ, ಗದ್ದೆ ಬರೆದೆ, ಕೊನೆಯ ಗದ್ದೆಯಿಂದ ಮೇಲಕ್ಕೆ ನಡೆಯುವ ನಮ್ಮಪ್ಪನನ್ನು ಬರೆದೆ, ಅವರ ಹಿಂದೆ ಪ್ರಶ್ನೆ ಕಾಗದ ಹಿಡಿದು ಮನೆಮನೆಗೆ ಹೋಗುವ ನನ್ನನ್ನೂ ಬರೆದೆ. ಎರಡು ದಿನದಿಂದ ಇಂಗ್ಲಿಷ್‌ನಲ್ಲಿ ಹೇಳಲಾಗದ್ದು ಆ ಹೆಂಗಸಿಗೆ ಒಂದು ಕಡ್ಡಿಯಲ್ಲಿ ಅರ್ಥವಾಯಿತು. "ಆಆ" ಅಂದಳು. ತಮ್ಮ ಗದ್ದೆಯೂ ಕಾಲುವೆಯ ಕೊನೆಯಲ್ಲೇ ಇದೆ ಅಂತ ಬೆರಳು ಮಾಡಿ ತೋರಿಸಿದಳು.

ಗೆದ್ದೆ ಅಂದುಕೊಂಡೆ. ಆಗ ಅವಳು ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು ನಾಲೆಯ ತಲೆಯ ಹತ್ತಿರದ ಮೊದಲ ಗದ್ದೆಯನ್ನು ಕುಟ್ಟಿ ಏನೋ ಕೇಳಿದಳು. ಪಕ್ಕದಲ್ಲಿದ್ದ ದುಭಾಷಿ ಹೇಳಿದ: "ಈ ಮನೆಯವರು ಏನಂದರು ಅಂತ ಕೇಳ್ತಿದ್ದಾರೆ. ತೂಬು ಇವರ ಕೈಲಲ್ಲವೇ ಇರೋದು, ಇವರು ಒಪ್ಪದೆ ಕೆಳಗೆ ನೀರು ಹೇಗೆ ಬರುತ್ತೆ ಅಂತ."

ಸಿಂಧಘಟ್ಟದ ಮೊದಲ ಮನೆಯಲ್ಲಿ, ಮಾವನ ಮನೆಯಲ್ಲಿ, ನಾನು ಊಟ ಮಾಡಿದ್ದೆ. ಕೇಳಿರಲಿಲ್ಲ. ನನ್ನ ಮಾವ ಕೊಂಕು ಆಡಿದ್ದಲ್ಲ, ದೂರು ಕೊಟ್ಟಿದ್ದು ಎಂದು ಆ ಏರಿಯ ಮೇಲೆ ಕೂತಾಗ ನನಗೆ ಹೊಳೆಯಿತು.

ಬ್ಯಾಂಕಾಕ್, ಆರನೆಯ ದಿನ: ಬರಿಗಾಲು

ಮಂಡನೆಗೆ ನನ್ನ ಹೆಸರು ಕರೆದರು. ವೇದಿಕೆಯ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ಹತ್ತಿದೆ. ಹಳ್ಳಿಯ ಕೇಂದ್ರದ ಗುಂಗಿನಲ್ಲಿದ್ದೆನೋ, ಹೆದರಿಕೆಯೋ, ಗೊತ್ತಿಲ್ಲ. ಎಲ್ಲರೂ ಬೂಟು ಹಾಕಿಕೊಂಡು ನಿಂತಿದ್ದ ಜಾಗದಲ್ಲಿ ಬರಿಗಾಲಲ್ಲಿ ನಿಂತಿದ್ದೇನೆ ಅಂತ ತಿಳಿಯುವಷ್ಟರಲ್ಲಿ ಮೈಕು ಕೈಗೆ ಬಂದಿತ್ತು. ಒಳ್ಳೆಯದೇ ಆಯಿತು. ಬದುವಿನ ಮೇಲೆ ನಿಂತ ಹಾಗಾಯಿತು.

ಬರೆದು ತಂದಿದ್ದ ಇಂಗ್ಲಿಷ್ ಕಾಗದವನ್ನು ಪಕ್ಕಕ್ಕಿಟ್ಟೆ. ಹಲಗೆಯ ಮೇಲೆ ನೀಲಿ ಪೆನ್ನಿನಲ್ಲಿ ನಾಲೆ ಬರೆದೆ. ಗೊತ್ತಿದ್ದ ಸಣ್ಣ ಸಣ್ಣ ಇಂಗ್ಲಿಷ್ ಮಾತಿನಲ್ಲೇ ಹೇಳಿದೆ. ನಾನು ತಪ್ಪು ಕಡೆಯಿಂದ ಶುರು ಮಾಡಿದೆ. ಆದ್ದರಿಂದ ಇದು ನಾಲ್ಕು ತಾಲ್ಲೂಕುಗಳ ಅಭಿಪ್ರಾಯವಲ್ಲ. ಹಳೆಯ ಹೆಸರನ್ನು ಹೊಡೆದು ಹಾಕಿದ್ದೇನೆ. ಇದು ನಾಲ್ಕು ತಾಲ್ಲೂಕುಗಳ ಕೊನೆಯ ಮನೆಗಳು ಹೇಳಿದ್ದು. ಮೊದಲ ಮನೆಗಳನ್ನು ನಾನು ಕೇಳಿಲ್ಲ, ಕೇಳದೆ "ಎಲ್ಲರೂ" ಎನ್ನುವ ಮಾತನ್ನು ಬಳಸುವುದಿಲ್ಲ. ಆದರೆ ಕೊನೆಯ ಮನೆಗಳಲ್ಲಿ ಒಂದನ್ನೂ ಬಿಟ್ಟಿಲ್ಲ. ಅವರ ಮಾತು ಕೇಳಿ.

ಆಮೇಲೆ ಅವರ ಮಾತುಗಳನ್ನು ಮೊದಲು ಕನ್ನಡದಲ್ಲೇ ಓದಿ, ನಂತರ ಇಂಗ್ಲಿಷಿಗೆ ತಂದೆ. ಪಾಂಡವಪುರದ ಲಾರಿ ಡ್ರೈವರ್ ಸಲೀಂ ಭಾಯ್ ಹೇಳಿದ್ದು: "ಲಾರಿಗೆ ಇನ್ಶೂರೆನ್ಸ್ ಇಲ್ದೆ ರೋಡಿಗೆ ಇಳ್ಸಂಗಿಲ್ಲ ಮೇಡಮ್, ಪೊಲೀಸ್ನೋರು ಇಡ್ಕತಾರೆ. ಡ್ರೈವರ್‌ಗೆ ಇಲ್ದಿದ್ರೆ ಯಾರೂ ಇಡ್ಯಲ್ಲ. ಯೇ ಕೈಸಾ ಇನ್ಸಾಫ್, ಇದ್ಯಾವ್ ನ್ಯಾಯ?" ಕೆ.ಆರ್. ಪೇಟೆ ಕಡೆಯ ಒಬ್ಬ ತಾಯಿ ಹೇಳಿದ್ದು: "ಕಾರ್ಡು ಅದೆ ಕಣವ್ವ. ಜ್ವರಕ್ಕಾಗಾಕಿಲ್ವಂತೆ, ಆಸ್ಪತ್ರೆ ಮಂಚ ಇಡುದ್ರೇ ಆಯ್ತದಂತೆ. ಮಂಚ ಇಡಿಯೋಗಂಟ ಕಾಯ್ತಾ ಕುಂತಿವ್ನಿ." ನಿಂಗಮ್ಮಜ್ಜಿಯ ಸಾಲಿನ ಮಾತನ್ನು ಕೊನೆಗೆ ಹೇಳಿದೆ.

ಮೊದಲು ಚಪ್ಪಾಳೆ ಹೊಡೆದವಳು ಆ ನೇಪಾಳದ ಹೆಂಗಸು. ಅಪ್ಪ ಬದುಕಿದ್ದಾರೆ ಅಂತ ಅವಳಿಗೆ ಆಗಷ್ಟೇ ತಿಳಿದಿತ್ತು.

ಆಚಾನ್ ಮಾಲೀ ಎದ್ದು ಹಲಗೆಯ ಹತ್ತಿರ ಬಂದರು. ಅದೇ ಕೆಂಪು ಪೆನ್ನು. ಅವರು ನನ್ನ ನೀಲಿ ನಾಲೆಯ ತುದಿಯಲ್ಲಿ ಒಂದು ಚುಕ್ಕಿ ಇಟ್ಟರು, ತಲೆಯಲ್ಲಿ ಒಂದು ಚುಕ್ಕಿ ಇಟ್ಟರು. "ನಮ್ಮ ಕೈಪಿಡಿ ಊರ ನಡುವಿನಿಂದ ಶುರುವಾಗುತ್ತದೆ. ನಡುವಿನಿಂದ ಹೊರಟವರು ಎರಡು ತುದಿಗೂ ಹೋದೆವಾ ಅಂತ ಬರೆಯುವ ಒಂದು ಗೆರೆಯನ್ನು ಇವತ್ತೇ ಸೇರಿಸುತ್ತೇನೆ, ಖಾ" ಅಂದರು. ಎರಡು ಸಲ ಇಂಗ್ಲಿಷ್‌ನಲ್ಲಿ ಡುಮ್ಕಿ ಹೊಡೆದವಳ ತಪ್ಪಿನಿಂದ ಕೈಪಿಡಿಗೆ ಒಂದು ಗೆರೆ ಬಂತು. ಹೇಳಿಕೊಳ್ಳಬಾರದು ಅನ್ನುತ್ತಾರೆ, ನಾನು ಹೇಳಿಕೊಳ್ಳುತ್ತೇನೆ.

ಸಂಜೆ ನನ್ನ ಹೆಸರು ಕರೆದು ಕೊಟ್ಟದ್ದು ಪ್ರಮಾಣಪತ್ರ. ಅಲ್ಲಿ ಹಿರಿಯರು ಕಿರಿಯರಿಗೆ ಕೊಡುವಾಗಲೂ ಎರಡು ಕೈಯಲ್ಲಿ ಕೊಡುತ್ತಾರೆ. ನಾನೂ ಎರಡು ಕೈಯಲ್ಲಿ ತೆಗೆದುಕೊಂಡೆ. ಅದರಲ್ಲಿ ನನ್ನ ವರದಿಯ ಹೊಸ ಹೆಸರನ್ನೇ ಅಚ್ಚು ಹಾಕಿಸಿದ್ದರು.

ಬೆಳಗೊಳ: ಕೊನೆಯ ತೂಬು

ಊರಿಗೆ ಬಂದ ದಿನ ನಾಲೆಯಲ್ಲಿ ನೀರಿತ್ತು. ಅಪ್ಪ ಮನೆಯಲ್ಲಿರಲಿಲ್ಲ. ಪ್ರಮಾಣಪತ್ರ ಹಿಡಿದುಕೊಂಡು ಕೊನೆಯ ತೂಬಿನ ಹತ್ತಿರಕ್ಕೆ ನಡೆದೆ. ಪುಟ್ಟಸ್ವಾಮಿ ಮಾವನೂ ಅಲ್ಲೇ ಇದ್ದರು. ಸಿಂಧಘಟ್ಟದಿಂದ ಬೇರೆ ಕೆಲಸಕ್ಕೆ ಬಂದವರ ಹಾಗೆ, ಏರಿಯ ಮೇಲೆ ಟವೆಲ್ಲು ಹಾಸಿಕೊಂಡು ಕೂತಿದ್ದರು.

"ಚೀಟಿ ಕೊಟ್ರೇನಮ್ಮಿ?"

ನಾನು ನೇರ ಅಪ್ಪನ ಹತ್ತಿರ ಹೋದೆ. ಅಪ್ಪ ಕೆಸರು ಕೈಯನ್ನು ನಾಲೆಯಲ್ಲಿ ತೊಳೆದು, ಪಂಚೆಗೆ ಒರೆಸಿ, ಮತ್ತೊಮ್ಮೆ ಒರೆಸಿ ಮುಂದೆ ಚಾಚಿದರು. ಎರಡು ಕೈಯಲ್ಲಿ ಕೊಟ್ಟೆ. ಅಪ್ಪನಿಗೆ ಓದು ಬಾರದು. ಚಿನ್ನದ ಬಣ್ಣದ ಅಂಚನ್ನು ಮುಟ್ಟಿ ನೋಡಿ, ಅದನ್ನು ಮಾವನ ಕೈಗೆ ಕೊಟ್ಟರು.

"ಓದು ಭಾವ. ನೀನು ಎಸ್ಸೆಲ್ಸಿ ಅಲ್ವಾ."

ಮಾವ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ನನ್ನ ಹೆಸರು ಬಂತು. ಅಪ್ಪನ ಹೆಸರು ಬಂತು. "ಕೊನೆಯ ಮನೆಗಳು" ಅನ್ನುವಲ್ಲಿಗೆ ಬಂದು ನಿಂತರು.

"ಅಂಗಾರೆ ಮೊದುಲ್ನೇ ಮನೆಯೋರು ಏನೂ ಏಳ್ನೇ ಇಲ್ವಾ?"

"ನಾನು ಕೇಳಲಿಲ್ಲ ಮಾವ. ನನ್ನದೇ ತಪ್ಪು."

ಮಾವ ಕನ್ನಡಕ ತೆಗೆದರು. ಪ್ರಮಾಣಪತ್ರವನ್ನು ನೀರಿನ ಹನಿ ತಾಗದ ಹಾಗೆ ಎತ್ತಿ ಹಿಡಿದುಕೊಂಡೇ ನಾಲೆ ಕಡೆ ನೋಡಿದರು.

"ಓದ್ ವರ್ಸ ನಿಮ್ಮತ್ತೆಗೆ ಆಪ್ರೇಸನ್ ಅಂದಾಗ, ಸರ್ಕಾರದ್ ಕಾರ್ಡ್ ಇಡ್ಕಂಡು ಓದ್ರೆ ಜನ ಏನಂದಾರೋ ಅಂತ ಮೂರ್ ತಿಂಗ್ಳು ಮನೇಲೇ ಕುಂಡ್ರುಸ್ಬುಟ್ಟೆ ಕಣಮ್ಮಿ. ಮೊದುಲ್ನೇ ಮನೆಯೋರ್ಗೇನು ಕಾಯ್ಲೆ ಬರಾಕಿಲ್ವಾ? ಯಾರೂ ಕೇಳಾಕಿಲ್ಲ, ಅಷ್ಟೆಯ. ಚೀಲ್ದಲ್ಲಿ ಪ್ರಶ್ನೆ ಕಾಗ್ದ ಮಿಕ್ಕಿದ್ರೆ ತಗಿ. ನಂದೂ ಬರ್ಕೊ."